ಮರುಬಳಕೆಯ ಲೆಕ್ಕ ನೌಕೆ ಇಳಿದ ದಿನಕ್ಕೆ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ರಾಕೆಟ್‌ನಂತೆ ಹಾರಿ, ವಿಮಾನದಂತೆ ಇಳಿದು, ಮತ್ತೆ ಬಳಕೆಯಾಗುತ್ತಿದ್ದ ಅಮೆರಿಕದ ಸ್ಪೇಸ್ ಶಟಲ್ ನೌಕೆಗಳ ನಿವೃತ್ತಿ ಮತ್ತು ಬಾಹ್ಯಾಕಾಶಯಾನದ ಮುಂದಿನ ದಾರಿಯ ಕುರಿತು ಈಚೆಗೆ ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮರುಬಳಕೆಯ ನೌಕೆ ದುಬಾರಿಯೆಂದು ಸಾಬೀತಾದ್ದರಿಂದಲೇ ಶಟಲ್‌ಗಳನ್ನು ಕೈಬಿಡಲಾಯಿತು ಎಂಬ ಅರ್ಥ ಬರುವ ಒಂದು ವಾಕ್ಯ ಅದರಲ್ಲಿದೆ. ನನ್ನ ತಕರಾರು ಆ ಒಂದು ವಾಕ್ಯದ ಮೇಲೆ. ನಾನು ವಿಜ್ಞಾನಿಯಲ್ಲ, ಮೂವತ್ತನಾಲ್ಕು ವರ್ಷ ಬಸ್ಸುಗಳ ವರ್ಕ್‌ಶಾಪಿನಲ್ಲಿ ದುಡಿದು, ಫೋರ್‌ಮನ್ ಆಗಿ ನಿವೃತ್ತನಾಗಿ, ಮೈಸೂರಿನಲ್ಲಿ ನೆಲೆಸಿರುವವನು. ಒಂದೇ ವಾಹನವನ್ನು ಮತ್ತೆ ಮತ್ತೆ ಓಡಿಸುವುದೆಂದರೇನು ಎಂಬುದು ನನ್ನ ಕಸುಬಿನ ಪ್ರಶ್ನೆಯೇ ಆದ್ದರಿಂದ ಇಷ್ಟು ಬರೆಯುವ ಧೈರ್ಯ ಮಾಡಿದ್ದೇನೆ.

ರಾತ್ರಿ ಡಿಪೋಗೆ ಬಂದ ಬಸ್ಸಿನ ಚಾಲಕ ತನ್ನ ದೂರುಗಳನ್ನು ಬರೆದಿಟ್ಟು ಹೋಗುತ್ತಾನೆ. ಬ್ರೇಕು, ಗಾಳಿ, ಆಯಿಲ್, ಟೈರು ನೋಡಿ, ಬರೆದಿರುವ ದೂರನ್ನು ಸರಿಪಡಿಸಿ, ಡೀಸೆಲ್ ತುಂಬಿ, ನಸುಕಿನಲ್ಲಿ ಮೊದಲ ಟ್ರಿಪ್ಪಿಗೆ ಬಿಡುವುದು ನಮ್ಮ ಕೆಲಸವಾಗಿತ್ತು. ಇಂತಿಷ್ಟು ಕಿಲೋಮೀಟರ್ ಓಡಿದ ಮೇಲೆ ಬಸ್ಸನ್ನು ಪಿಟ್ ಮೇಲೆ ನಿಲ್ಲಿಸಿ ಮಾಡುವ ವಿವರವಾದ ತಪಾಸಣೆಗೆ ನಾವು ‘ಡಾಕಿಂಗ್’ ಎನ್ನುತ್ತಿದ್ದೆವು. (2025ರ ಜನವರಿಯಲ್ಲಿ ಇಸ್ರೊದ ಎರಡು ಸ್ಪೇಡೆಕ್ಸ್ ಉಪಗ್ರಹಗಳು ಆಕಾಶದಲ್ಲಿ ಒಂದಕ್ಕೊಂದು ಕೂಡಿಕೊಂಡು ‘ಡಾಕಿಂಗ್’ ಮಾಡಿದವು ಎಂದು ಓದಿದಾಗ ನನಗೂ ನನ್ನ ಹಳೆಯ ಸಹೋದ್ಯೋಗಿಗಳಿಗೂ ಒಂದು ದಿನದ ತಮಾಷೆಗೆ ವಸ್ತು ಸಿಕ್ಕಿತ್ತು.) ಎಂಜಿನ್ ಇಳಿಸಿ ಬಿಚ್ಚುವ ಸಂದರ್ಭ ಬಸ್ಸಿನ ಆಯುಷ್ಯದಲ್ಲಿ ಬೆರಳೆಣಿಕೆಯಷ್ಟು. ಪ್ರತಿ ರಾತ್ರಿಯೂ ಎಂಜಿನ್ ಇಳಿಸಬೇಕಾದ ಬಸ್ಸು ಇದ್ದರೆ ಅದನ್ನು ಯಾವ ಡಿಪೋ ಮ್ಯಾನೇಜರ್ ಕೂಡ ಶೆಡ್ಯೂಲಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಶಟಲ್‌ನ ಕಥೆ ಹೆಚ್ಚುಕಡಿಮೆ ಆ ಬಸ್ಸಿನ ಕಥೆ. 1981ರ ಏಪ್ರಿಲ್ 12ರಂದು ಕೊಲಂಬಿಯಾ ಎಂಬ ಶಟಲ್ ಮೊದಲ ಬಾರಿಗೆ ಹಾರಿದಾಗ, ವಿಮಾನದಂತೆ ಇಳಿದು ಕೆಲವೇ ವಾರಗಳಲ್ಲಿ ಮತ್ತೆ ಹೊರಡುವ ವಾಹನವೆಂದು ಜಗತ್ತು ನಂಬಿತ್ತು. ವಾಸ್ತವದಲ್ಲಿ ಪ್ರತಿ ಹಾರಾಟದ ನಂತರ ಅದರ ಮೂರು ಮುಖ್ಯ ಎಂಜಿನ್‌ಗಳನ್ನು ಕಳಚಿ ತಪಾಸಣೆ ಮಾಡಬೇಕಾಗುತ್ತಿತ್ತು. ಎರಡು ಘನ ಇಂಧನದ ಬೂಸ್ಟರ್‌ಗಳು ಪ್ಯಾರಾಚೂಟ್ ಕಟ್ಟಿಕೊಂಡು ಅಟ್ಲಾಂಟಿಕ್ ಸಾಗರಕ್ಕೆ ಬೀಳುತ್ತಿದ್ದವು. ಅವನ್ನು ಹಡಗುಗಳು ಎಳೆದು ತಂದು, ಬಿಚ್ಚಿ, ರೈಲಿನಲ್ಲಿ ದೂರದ ಯೂಟಾ ರಾಜ್ಯಕ್ಕೆ ಕಳುಹಿಸಿ, ಇಂಧನ ತುಂಬಿಸಿ ಮತ್ತೆ ಫ್ಲಾರಿಡಾಕ್ಕೆ ತರಿಸಬೇಕಿತ್ತು. ಕಿತ್ತಳೆ ಬಣ್ಣದ ದೊಡ್ಡ ಇಂಧನ ಟ್ಯಾಂಕಂತೂ ಪ್ರತಿ ಸಲವೂ ಹೊಸದು. ಹಳೆಯದು ವಾತಾವರಣದಲ್ಲಿ ಉರಿದು ಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅದರ ಮೈಮೇಲಿನ ಹೆಂಚುಗಳು. ಭೂಮಿಗೆ ಮರಳುವಾಗಿನ ಬೆಂಕಿಯಂಥ ಕಾವನ್ನು ತಡೆಯಲು ಒಂದೊಂದು ಶಟಲ್‌ಗೂ ಸುಮಾರು 24,000 ಸಿಲಿಕಾ ಹೆಂಚುಗಳನ್ನು ಅಂಟಿಸಲಾಗಿತ್ತು. ನಮ್ಮ ಮನೆಗಳ ಮಂಗಳೂರು ಹೆಂಚು ಒಂದೇ ಅಚ್ಚಿನದು; ಒಂದು ಒಡೆದರೆ ಪಕ್ಕದ ಮನೆಯ ಅಟ್ಟದಿಂದ ಇನ್ನೊಂದನ್ನು ತಂದು ಹೊದಿಸಿದರಾಯಿತು. ಶಟಲ್‌ನ ಹೆಂಚುಗಳು ಹಾಗಲ್ಲ, ಬಹುಪಾಲು ಒಂದೊಂದಕ್ಕೂ ತನ್ನದೇ ಆಕಾರ, ತನ್ನದೇ ಸಂಖ್ಯೆ, ತನ್ನದೇ ಜಾಗ. ಅವು ನೀರು ಹೀರಿಕೊಳ್ಳದಂತೆ ಪ್ರತಿ ಹಾರಾಟದ ನಂತರವೂ ಒಂದೊಂದಕ್ಕೂ ಸೂಜಿಯಿಂದ ರಾಸಾಯನಿಕ ಚುಚ್ಚಬೇಕಿತ್ತು. ಇಂಥ ದುಡಿಮೆಗೆ ಮರುಜೋಡಣೆ ಎಂಬ ಹೆಸರು ಒಪ್ಪುತ್ತದೆ. ಒಂದೇ ಶಟಲ್‌ನ ಒಂದು ಉಡಾವಣೆಯಿಂದ ಮುಂದಿನ ಉಡಾವಣೆಗೆ ಹಿಡಿದ ಅತ್ಯಂತ ಕಡಿಮೆ ಅವಧಿ, 1985ರಲ್ಲಿ ಅಟ್ಲಾಂಟಿಸ್ ಮಾಡಿದ 54 ದಿನಗಳ ದಾಖಲೆ. ಆ ವರ್ಷ ಎಲ್ಲ ಶಟಲ್‌ಗಳೂ ಸೇರಿ ಒಂಬತ್ತು ಬಾರಿ ಹಾರಿದವು. ಅದನ್ನು ಮೀರಿದ ವರ್ಷ ಮುಂದೆ ಬರಲೇ ಇಲ್ಲ. ಮೂವತ್ತು ವರ್ಷಗಳಲ್ಲಿ 135 ಹಾರಾಟಗಳು. ಒಟ್ಟು ವೆಚ್ಚವನ್ನು ಹಾರಾಟಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 150 ಕೋಟಿ ಡಾಲರ್ ಬೀಳುತ್ತದೆಂದು ಅಂದಾಜು. ದುಬಾರಿಯಾದದ್ದು ನಿಜ, ಆ ಹಣದಲ್ಲಿ ಬಹಳಷ್ಟು ಹೋದದ್ದು ಎರಡು ಹಾರಾಟಗಳ ನಡುವಿನ ರಿಪೇರಿಗೆ ಎಂಬುದನ್ನು ಲೇಖನ ಹೇಳಬೇಕಿತ್ತು.

ಇನ್ನು ಅಪಘಾತಗಳ ವಿಷಯ. 1986ರ ಜನವರಿ 28ರಂದು ಚಾಲೆಂಜರ್ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ಬೂಸ್ಟರ್‌ನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಅಂದಿನ ಚಳಿಗೆ ಗಡುಸಾಗಿ ಬಿಸಿ ಅನಿಲವನ್ನು ತಡೆಯಲಾರದೆ ಹೋಯಿತು. ಅದೇ ಉಂಗುರಗಳು ಹಿಂದಿನ ಹಾರಾಟಗಳಲ್ಲಿಯೂ ಸವೆದು ಬಂದಿದ್ದವು. ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹಾರಾಟ ಬೇಡವೆಂದು ವಾದಿಸಿದ್ದರು. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಮರಳುವಾಗ ಒಡೆದು, ಕರ್ನಾಲ್‌ನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇಲ್ಲವಾದರು. ಹಾರುವಾಗ ಟ್ಯಾಂಕಿನಿಂದ ಕಿತ್ತುಬಂದ, ಒಂದು ಕಿಲೋಗಿಂತಲೂ ಹಗುರವಾದ ಫೋಮ್ ತುಂಡು ಎಡರೆಕ್ಕೆಯ ಅಂಚಿಗೆ ಬಡಿದು ಮಾಡಿದ ತೂತೇ ಕಾರಣವಾಗಿತ್ತು. ಫೋಮ್ ಉದುರುವುದು ಕೂಡ ಹೊಸ ಸಂಗತಿಯಾಗಿರಲಿಲ್ಲ. ಹಿಂದೆಯೂ ಎಷ್ಟೋ ಸಲ ಉದುರಿತ್ತು, ನೌಕೆ ಸುರಕ್ಷಿತವಾಗಿ ಮರಳಿತ್ತು. ಆದ್ದರಿಂದ ಅದನ್ನು ಸುರಕ್ಷತೆಯ ಪ್ರಶ್ನೆಯಾಗಿ ನೋಡದೆ ಇಳಿದ ಮೇಲೆ ಸರಿಪಡಿಸುವ ರಿಪೇರಿಯ ಬಾಬತ್ತಾಗಿ ಎಣಿಸಲಾಗುತ್ತಿತ್ತು ಎಂದು ತನಿಖಾ ಮಂಡಳಿ ತನ್ನ ವರದಿಯಲ್ಲಿ ಬರೆದಿದೆ.

ಈ ಒಂದು ಅಂಶವನ್ನು ಓದಿದಾಗ ನನ್ನ ಕೈಕೆಳಗೆ ಬಂದ ದೂರು ಪುಸ್ತಕಗಳು ಕಣ್ಣ ಮುಂದೆ ಬಂದವು. ‘ಬ್ರೇಕ್ ಸ್ವಲ್ಪ ಎಡಕ್ಕೆ ಎಳೆಯುತ್ತದೆ’ ಎಂದು ಚಾಲಕ ಮೊದಲ ದಿನ ಬರೆಯುತ್ತಾನೆ, ಎರಡನೆಯ ದಿನ ಬರೆಯುತ್ತಾನೆ, ಹತ್ತನೆಯ ದಿನ ಬರೆಯುವುದನ್ನು ಬಿಡುತ್ತಾನೆ. ಬಸ್ಸು ಹತ್ತು ದಿನವೂ ಸುರಕ್ಷಿತವಾಗಿ ಬಂದಿದೆಯಲ್ಲ ಎಂದು ಮೆಕ್ಯಾನಿಕ್ ಕೂಡ ಸುಮ್ಮನಾಗುತ್ತಾನೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಇಂಥ ಪುಟಗಳನ್ನೇ. ಒಮ್ಮೆ ಬಳಸಿ ಎಸೆಯುವ ರಾಕೆಟ್‌ಗೆ ಈ ಬಗೆಯ ಅಪಾಯ ಕಡಿಮೆ, ಏಕೆಂದರೆ ಅದರ ಸವೆತವನ್ನು ನೋಡುವವರೂ ಇಲ್ಲ, ನೋಡಿ ಒಗ್ಗಿಹೋಗುವವರೂ ಇಲ್ಲ. ಮರಳಿ ಬರುವ ವಾಹನ ತನ್ನ ಗಾಯಗಳನ್ನು ತಾನೇ ತಂದು ತೋರಿಸುತ್ತದೆ. ಅದರ ದೊಡ್ಡ ಲಾಭ ಅದೇ, ದೊಡ್ಡ ಅಪಾಯವೂ ಅದೇ.

ಆ ತನಿಖಾ ಮಂಡಳಿ ಇನ್ನೊಂದು ಮಾತನ್ನೂ ಹೇಳಿತ್ತು: 2010ರ ನಂತರವೂ ಶಟಲ್‌ಗಳನ್ನು ಹಾರಿಸುವುದಾದರೆ ಇಡೀ ವಾಹನಕ್ಕೆ ಹೊಸದಾಗಿ ಅರ್ಹತಾ ಪ್ರಮಾಣಪತ್ರ ಕೊಡಬೇಕು ಎಂದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಫ್‌ಸಿ ಮಾಡಿಸಬೇಕು. ಅದರ ಖರ್ಚು ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು. 2004ರ ಜನವರಿಯಲ್ಲಿ ಅಧ್ಯಕ್ಷ ಬುಷ್ ನಿವೃತ್ತಿಯ ತೀರ್ಮಾನ ಪ್ರಕಟಿಸಿದರು. 2011ರ ಜುಲೈ 21ರಂದು ಅಟ್ಲಾಂಟಿಸ್ ಕೊನೆಯ ಬಾರಿಗೆ ಇಳಿಯಿತು. ಸಿದ್ಧತೆಗೆ ಏಳು ವರ್ಷಗಳ ಅವಕಾಶವಿದ್ದೂ ಬದಲಿ ವಾಹನ ಸಿದ್ಧವಾಗಿರಲಿಲ್ಲ. ಮುಂದೆ 2020ರ ಮೇ 30ರಂದು ಅಮೆರಿಕದ ಖಾಸಗಿ ಕಂಪನಿ ಸ್ಪೇಸ್‌ಎಕ್ಸ್‌ನ ನೌಕೆ ಇಬ್ಬರನ್ನು ಹೊತ್ತು ಹೊರಡುವವರೆಗೆ, ಅಂದರೆ ಸುಮಾರು ಒಂಬತ್ತು ವರ್ಷ, ಚಂದ್ರನ ಮೇಲೆ ಕಾಲಿಟ್ಟ ದೇಶ ತನ್ನ ಗಗನಯಾತ್ರಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಲು ರಷ್ಯಾದ ಸೋಯುಜ್‌ನಲ್ಲಿ ಸೀಟು ಕೊಳ್ಳಬೇಕಾಯಿತು. ಕೊನೆಕೊನೆಗೆ ಒಂದು ಸೀಟಿನ ಬೆಲೆ ಸುಮಾರು 9 ಕೋಟಿ ಡಾಲರ್ ಮುಟ್ಟಿತ್ತು. ಹಳೆಯ ಬಸ್ಸನ್ನು ಗುಜರಿಗೆ ಹಾಕಲು ನನ್ನ ವಿರೋಧವಿಲ್ಲ, ನನ್ನ ಕೈಯಿಂದಲೇ ಎಷ್ಟೋ ಬಸ್ಸುಗಳು ಹೋಗಿವೆ. ಹೊಸ ಬಸ್ಸು ಡಿಪೋಗೆ ಬರುವ ಮುಂಚೆ ಹಳೆಯದನ್ನು ಕಳುಹಿಸಿದರೆ ರೂಟಿನಲ್ಲಿ ಕಾಯುವವರ ಪಾಡೇನು ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ವಿಪರ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಟಲ್‌ಗಳಲ್ಲಿ ಹಾರಿ, ಮರಳಿ, ಮತ್ತೆ ಹಾರಿದ್ದ ಆರ್‌ಎಸ್-25 ಎಂಜಿನ್‌ಗಳನ್ನು ಜೋಪಾನವಾಗಿ ಎತ್ತಿಟ್ಟು, ನಾಸಾ ತನ್ನ ಹೊಸ ಚಂದ್ರಯಾನದ ದೈತ್ಯ ರಾಕೆಟ್‌ಗೆ ಅಳವಡಿಸಿತು. 2022ರ ನವೆಂಬರ್ 16ರಂದು ಆರ್ಟೆಮಿಸ್-1 ಹಾರಿದಾಗ ಅಂಥ ನಾಲ್ಕು ಎಂಜಿನ್‌ಗಳು ಕೆಲವು ನಿಮಿಷ ಉರಿದು ರಾಕೆಟ್ಟಿನೊಂದಿಗೇ ಹೋಗಿಬಿಟ್ಟವು. ಮರುಬಳಕೆಗೆಂದೇ ಹುಟ್ಟಿದ ಎಂಜಿನ್ ಒಂದು ಸಲದ ಬಳಕೆಗೆ ಹೋಗುವುದನ್ನು ಟಿ.ವಿ.ಯಲ್ಲಿ ನೋಡಿ ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಹಾಗೆಂದು ಶಟಲ್‌ನೊಂದಿಗೆ ಮರುಬಳಕೆಯ ಕಾಲವೇ ಮುಗಿಯಿತೆಂದು ತಿಳಿಯುವಂತಿಲ್ಲ. ಪಕ್ಕದ ಶ್ರೀರಂಗಪಟ್ಟಣದ, ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳ ಕಾಲದಿಂದ ಮೊದಲ್ಗೊಂಡು ರಾಕೆಟ್ ಎಂದರೆ ಒಮ್ಮೆ ಉರಿದು ಮುಗಿಯುವ ವಸ್ತು ಎಂದೇ ಆಗಿತ್ತು. 2015ರ ಡಿಸೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್‌ನ ಮೊದಲ ಹಂತ, ಅಂದರೆ ಕೆಳಗಿನ ಭಾಗ, ಉಪಗ್ರಹಗಳನ್ನು ಮೇಲಕ್ಕೆ ಕಳುಹಿಸಿ ತಾನು ನೆಟ್ಟಗೆ ನೆಲಕ್ಕಿಳಿಯಿತು; 2017ರ ಮಾರ್ಚ್‌ನಲ್ಲಿ ಹಾಗೆ ಇಳಿದ ಹಂತವೊಂದು ಎರಡನೆಯ ಬಾರಿ ಹಾರಿತು. ಇದಕ್ಕಾಗಿ ಒಂದಿಷ್ಟು ಇಂಧನವನ್ನು ಮರಳುವ ದಾರಿಗೆ ಉಳಿಸಿಕೊಳ್ಳಬೇಕು, ಅಷ್ಟು ಹೊರೆಯನ್ನು ಬಿಟ್ಟುಕೊಡಬೇಕು. ಆದರೂ ಅಂಥ ಕೆಲವು ಹಂತಗಳು ಮೂವತ್ತಕ್ಕೂ ಹೆಚ್ಚು ಬಾರಿ ಹಾರಿವೆ. 2025ರ ಮಾರ್ಚ್‌ನಲ್ಲಿ ಒಂದು ಹಂತ ಕೇವಲ ಒಂಬತ್ತು ದಿನಗಳಲ್ಲಿ ಮತ್ತೆ ಹಾರಿತು. ಅಟ್ಲಾಂಟಿಸ್‌ನ 54 ದಿನಗಳ ಪಕ್ಕದಲ್ಲಿ ಈ ಒಂಬತ್ತನ್ನು ಇಟ್ಟು ನೋಡಬೇಕು. ಎರಡನೆಯ ಹಂತವನ್ನು ಅವರು ಈಗಲೂ ಎಸೆಯುತ್ತಾರೆ. ಕಕ್ಷೆಯ ವೇಗದಿಂದ ಮರಳುವ ಕಾವನ್ನು ಮೊದಲ ಹಂತ ಕಾಣುವುದೇ ಇಲ್ಲವಾದ್ದರಿಂದ ಹೋಲಿಕೆ ಪೂರ್ತಿ ಸರಿಯಲ್ಲವೆಂದು ಬಲ್ಲವರು ಹೇಳಬಹುದು, ಒಪ್ಪುತ್ತೇನೆ. ಅದೇ ಕಂಪನಿಯ ಸ್ಟಾರ್‌ಶಿಪ್ ಮೇಲಿನ ಹಂತವನ್ನೂ ಮರಳಿಸಲು ಹೊರಟಾಗ ಮತ್ತೆ ಎದುರಾದದ್ದು ಸಾವಿರಾರು ಹೆಂಚುಗಳ ಪ್ರಶ್ನೆಯೇ. ಈ ಸಲ ಅವರು ಬಹುತೇಕ ಹೆಂಚುಗಳನ್ನು ಒಂದೇ ಆರುಮೂಲೆಯ ಆಕಾರದಲ್ಲಿ ಮಾಡಿದ್ದಾರೆ. ಮಂಗಳೂರು ಹೆಂಚಿನ ಜಾಣತನ ಅದು.

ನಮ್ಮ ದೇಶದ ಕೆಲಸ ನಡೆಯುತ್ತಿರುವುದು ನಮ್ಮ ರಾಜ್ಯದಲ್ಲಿಯೇ. 2016ರ ಮೇ 23ರಂದು ಇಸ್ರೊದ ರೆಕ್ಕೆಯ ಪ್ರಾಯೋಗಿಕ ನೌಕೆ ಶ್ರೀಹರಿಕೋಟದಿಂದ 65 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಂಗಾಳ ಕೊಲ್ಲಿಗೆ ಇಳಿಯಿತು. ಅದರ ಮುಂದುವರಿಕೆಯಾದ ಪುಷ್ಪಕ್ ಅನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ತಾಣದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ನೌಕೆ ತಾನಾಗಿಯೇ ದಾರಿ ತಿದ್ದಿಕೊಂಡು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ರನ್‌ವೇ ಮುಟ್ಟಿತು. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಹೀಗೆ ಮೂರು ಬಾರಿ ಇಳಿಸಲಾಯಿತು. ನಾನು ಓದಿದ ವರದಿಗಳೆಲ್ಲ ವೇಗವನ್ನೇ ಎತ್ತಿ ಹೇಳಿದ್ದವು. ನನಗೆ ಮುಖ್ಯವೆನಿಸಿದ್ದು ಇಸ್ರೊ ಹೇಳಿಕೆಯಲ್ಲಿದ್ದ ಇನ್ನೊಂದು ಸಾಲು: ಮಾರ್ಚ್‌ನಲ್ಲಿ ಇಳಿದ ರೆಕ್ಕೆಯ ಒಡಲನ್ನೂ ಹಾರಾಟದ ವ್ಯವಸ್ಥೆಗಳನ್ನೂ ಯಾವ ಮಾರ್ಪಾಡೂ ಇಲ್ಲದೆ ಜೂನ್‌ನಲ್ಲಿ ಬಳಸಲಾಯಿತು ಎಂಬುದು. ಕಕ್ಷೆಯಿಂದ ಮರಳುವ ಕಾವಿನ ಪರೀಕ್ಷೆ ಈ ಮೂರರಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು, ಆದರೂ ಸರಿಯಾದ ಕಡೆಯಿಂದ ಲೆಕ್ಕ ಶುರುವಾಗಿದೆ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಯ ಹೊಸ ಪೀಳಿಗೆಯ ಉಡಾವಣಾ ವಾಹನಕ್ಕೆ ಒಪ್ಪಿಗೆ ಕೊಟ್ಟಿದೆ. 30 ಟನ್‌ವರೆಗಿನ ಹೊರೆಯನ್ನು ಕೆಳಕಕ್ಷೆಗೆ ಒಯ್ಯುವ ಆ ರಾಕೆಟ್‌ನ ಮೊದಲ ಹಂತ ಮರಳಿ ಬರುವಂತೆ ವಿನ್ಯಾಸವಾಗುತ್ತಿದೆ. 2035ರ ಹೊತ್ತಿಗೆ ಭಾರತೀಯ ಅಂತರಿಕ್ಷ ನಿಲ್ದಾಣ ಆಗಬೇಕೆಂಬ ಗುರಿಯಿದೆ. ಈಗಿನ ಅಂತರರಾಷ್ಟ್ರೀಯ ನಿಲ್ದಾಣವನ್ನು 2030ರ ಹೊತ್ತಿಗೆ ನಿಲ್ಲಿಸಿ ಸಾಗರಕ್ಕೆ ಇಳಿಸುವ ಯೋಜನೆಯಿದೆ. ಅಲ್ಲಿಯೂ ನಡುವೆ ಐದು ವರ್ಷಗಳ ಖಾಲಿ ಜಾಗ ಕಾಣುತ್ತಿದೆ. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋದಾಗ ಅವರ ಜೊತೆ ನಮ್ಮ ಮೈಸೂರಿನವರು ಇಂದಿಗೂ ಡಿಎಫ್‌ಆರ್‌ಎಲ್ ಎಂದೇ ಕರೆಯುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಬುತ್ತಿ ಹೋಗಿತ್ತು. ಬುತ್ತಿ ನಮ್ಮದು, ಬಂಡಿ ಬೇರೆಯವರದು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೋದಾಗಲೂ ಬಂಡಿ ಬೇರೆಯವರದೇ ಆಗಿತ್ತು. ನಮ್ಮದೇ ನೌಕೆಯಲ್ಲಿ ನಮ್ಮವರನ್ನು ಕಳುಹಿಸುವ ಇಸ್ರೊದ ಗಗನಯಾನ ಯೋಜನೆ ಅದನ್ನು ಬದಲಿಸಲಿದೆ. ಬದಲಿಸಿದ ಮೇಲೆ ಆ ಬಂಡಿ ಎಷ್ಟು ಬೇಗ ಮತ್ತೆ ಹೊರಡಬಲ್ಲದು ಎಂಬ ಪ್ರಶ್ನೆ ಬರುತ್ತದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಹೊಸ ರಾಕೆಟ್‌ನ ಮೊದಲ ಹಂತ ನೆಟ್ಟಗೆ ಇಳಿದ ದಿನ ತಮ್ಮ ಪತ್ರಿಕೆ ಮುಖಪುಟದಲ್ಲಿ ದೊಡ್ಡ ಚಿತ್ರ ಹಾಕಲಿ, ನಾನೂ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಅದೇ ಹಂತ ಎರಡನೆಯ ಬಾರಿ ಹಾರಿದ ದಿನ ಒಳಪುಟದ ಮೂಲೆಯಲ್ಲಾದರೂ ಸರಿ, ಮೂರು ಸಂಗತಿಗಳನ್ನು ಪ್ರಕಟಿಸಿ: ನಡುವೆ ಎಷ್ಟು ದಿನ ಹಿಡಿಯಿತು, ಯಾವ ಯಾವ ಭಾಗಗಳನ್ನು ಬದಲಿಸಿದರು, ಮೊದಲ ಹಾರಾಟದ ದೂರುಗಳಲ್ಲಿ ಯಾವುದನ್ನು ಸರಿಪಡಿಸದೆ ಹಾಗೆಯೇ ಬಿಟ್ಟರು.

– ನಿವೃತ್ತ ಫೋರ್‌ಮನ್, ಕುವೆಂಪುನಗರ, ಮೈಸೂರು