ನೀರು ತುಂಬಿಸಿ ನೋಡಿದ್ರೆ ಸಾಲಲ್ಲ

ಮಾನ್ಯರೇ,

ನಂದು ಟ್ಯಾಂಕ್ ಫ್ಯಾಬ್ರಿಕೇಷನ್ ಕೆಲಸ. ಹೋದ ಹಂಗಾಮಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯಿಂದ ಫೋನ್ ಬಂತು, ಹೆಸರು ಬೇಡ ಬಿಡಿ. ಎಥನಾಲ್‌ಗೆ ಅಂತ ಕಟ್ಟಿದ ಟ್ಯಾಂಕು, 15 ಮೀಟರ್ ಅಗಲ, 10 ಮೀಟರ್ ಎತ್ತರ, ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯೋ ಮಂದ ಪಾಕ) ಇಡೋಕೆ ಜಾಗ ಸಾಲ್ತಿಲ್ಲ, ಇದಕ್ಕೇ ಪೈಪ್ ಜೋಡಿಸಿಕೊಡಿ ಅಂದ್ರು. ಹೋಗಿ ನೋಡಿದ್ರೆ ಕೆಳಗಿನ ಸುತ್ತಿಗೂ 6 ಎಂಎಂ ಪ್ಲೇಟೇ. ಕೇಳಿದ್ದಕ್ಕೆ "ಕಂಠಮಟ್ಟ ನೀರು ತುಂಬಿಸಿ ಟೆಸ್ಟ್ ಮಾಡಿದೀವಲ್ರೀ, ಒಂದು ಹನಿ ಸೋರಿಲ್ಲ" ಅಂತಾರೆ.

ಅಲ್ಲ ಸ್ವಾಮಿ, ನೀರು ಲೀಟರಿಗೆ ಒಂದು ಕೆಜಿ, ಎಥನಾಲ್ 790 ಗ್ರಾಂ, ಕಾಕಂಬಿ ಹತ್ತತ್ರ 1.4 ಕೆಜಿ. ಅಡುಗೆ ಎಣ್ಣೆಯ 15 ಲೀಟರ್ ಡಬ್ಬಿಗೆ ಕಾಕಂಬಿ ತುಂಬಿ ಎತ್ತಿ ನೋಡಿ, 21 ಕೆಜಿ ಆಗುತ್ತೆ, ಹಿಡಿಕೆ ಕೈಗೆ ಕುಯ್ಯುತ್ತೆ. ಎತ್ತರ ಅಷ್ಟೇ ಇದ್ರೂ ಗೋಡೆ ಮೇಲಿನ ಒತ್ತಡ ದ್ರವದ ತೂಕದ ಜೊತೆನೇ ಏರುತ್ತೆ. ಎಪಿಐ 650 ಅನ್ನೋ ಟ್ಯಾಂಕ್ ಡಿಸೈನ್ ಮಾನದಂಡದ ಸೂತ್ರ ಹಾಕಿ, ಮಾಮೂಲಿ ಪ್ಲೇಟು ತಡೆಯಬಹುದಾದ ಎಳೆತ 160 ಎಂಪಿಎ (ಮೆಗಾಪ್ಯಾಸ್ಕಲ್) ಅಂತ ಹಿಡಿದ್ರೆ ಈ ಟ್ಯಾಂಕಿಗೆ ಎಥನಾಲ್‌ಗೆ 3.5 ಎಂಎಂ ಸಾಕು, ನೀರಿಗೆ 4.5, ಕಾಕಂಬಿಗೆ 6.2, ಅದೂ ತುಕ್ಕಿಗೆ ಅಂತ ಒಂದು ಚೂರೂ ಬಿಡದೆ! ತುಕ್ಕಿಗೆ ಒಂದೂವರೆ ಎಂಎಂ ಕಳೆದ್ರೆ ಇದ್ರಲ್ಲಿ ಕಾಕಂಬಿ 7 ಮೀಟರ್ ದಾಟಬಾರದು. ಹಾಗಂತ ಬರೆದುಕೊಟ್ಟೆ, ಆ ಚೀಟಿ ಯಾವ ಫೈಲಲ್ಲಿ ಮಲಗಿದ್ಯೋ ಗೊತ್ತಿಲ್ಲ, ಪೈಪ್ ಕೆಲಸ ಮಾತ್ರ ಬೇರೆಯವರು ಬಂದು ಮಾಡಿಹೋದ್ರಂತೆ.

ತಮಾಷೆ ಅಂದ್ರೆ ಅದೇ ಕಾರ್ಖಾನೆ ಲ್ಯಾಬಲ್ಲಿ ಕಾಕಂಬಿ ಬ್ರಿಕ್ಸ್ (ಅದರಲ್ಲಿ ಕರಗಿರೋ ಸಕ್ಕರೆ ಮುಂತಾದ್ದರ ಅಳತೆ, ಅದರಿಂದಲೇ ಡೆನ್ಸಿಟಿ ಗೊತ್ತಾಗುತ್ತೆ) ದಿನಾ ನೋಡ್ತಾರೆ, ಆ ನಂಬರ್ ಮಾತ್ರ ಟ್ಯಾಂಕ್ ಡಿಸೈನ್ ಮಾಡೋರ ಟೇಬಲ್‌ವರೆಗೆ ಬರೋದೇ ಇಲ್ಲ. ಟೆಂಡರಲ್ಲಿ ಡೆನ್ಸಿಟಿ ಕಾಲಂ ಖಾಲಿ ಇದ್ರೆ ಡಿಸೈನರ್ ನೀರಿನ ಲೆಕ್ಕದಲ್ಲಿ 1 ಅಂತ ಹಾಕ್ಕೊಂಡು ಮುಂದೆ ಹೋಗ್ತಾನೆ, ಪ್ಲೇಟ್ ಖರ್ಚೂ ಕಮ್ಮಿ ಆಗುತ್ತಲ್ಲ.

1919ರ ಜನವರಿ 15ರಂದು ಅಮೆರಿಕದ ಬೋಸ್ಟನ್ನಲ್ಲಿ 50 ಅಡಿ ಎತ್ತರದ ಕಾಕಂಬಿ ಟ್ಯಾಂಕ್ ಒಡೆದು 21 ಜನ ಸತ್ರು. ಅದರ ಗೋಡೆ ತೆಳ್ಳಗಿತ್ತು, ಟೆಸ್ಟಿಗೆ ಅಂತ ಹಾಕಿದ್ದು ಬರೀ ಆರು ಇಂಚು ನೀರು. ನಮ್ಮೋರು ಪೂರ್ತಿ ತುಂಬಿಸಿ ನೋಡ್ತಾರೆ, ಒಪ್ತೀನಿ, ಆದ್ರೆ ನೀರು ತಡೆದ ಗೋಡೆ ಅದರ ಒಂದೂವರೆ ಪಟ್ಟು ಹತ್ತಿರದ ತೂಕಾನೂ ತಡೆಯುತ್ತೆ ಅಂತ ಆ ಟೆಸ್ಟ್ ಎಲ್ಲಿ ಹೇಳುತ್ತೆ?

ಕಾರ್ಖಾನೆ ತಪಾಸಣೆಗೆ ಬರೋ ಅಧಿಕಾರಿಗಳು ದಯವಿಟ್ಟು ಒಂದು ಕೆಲಸ ಮಾಡಿಸ್ಲಿ. ಯಾವ ಡೆನ್ಸಿಟಿಗೆ ಡಿಸೈನ್ ಆಗಿದೆ, ಯಾವ ದ್ರವ ಎಷ್ಟು ಎತ್ತರದವರೆಗೆ ತುಂಬಬಹುದು ಅನ್ನೋದನ್ನ ಪ್ರತಿ ಟ್ಯಾಂಕಿನ ಮೇಲೂ ಪೇಂಟಲ್ಲಿ ದೊಡ್ಡದಾಗಿ ಕನ್ನಡದಲ್ಲೇ ಬರೆಸ್ಲಿ, ರಾತ್ರಿ ಪಾಳಿಯಲ್ಲಿ ವಾಲ್ವ್ ತಿರುಗಿಸೋ ಹುಡುಗನಿಗೂ ಓದೋಕೆ ಬರೋ ಹಾಗೆ.

- ಒಬ್ಬ ಫ್ಯಾಬ್ರಿಕೇಟರ್, ಬಾಗಲಕೋಟೆ ಜಿಲ್ಲೆ