ಟೇಪು ಕೋಣೆಯ ಮಾಡು ಸೋರಿದೆ: ಅಕ್ಟೋಬರ್ ಮುಗಿಯುವ ಮೊದಲು ಕೈಜೋಡಿಸಿ

ದಾನಿಗಳಿಗೂ ಹಿತೈಷಿಗಳಿಗೂ ನಮಸ್ಕಾರ.

ಹಳೆಯ ಧ್ವನಿ ಟೇಪುಗಳನ್ನು ಅಟ್ಟದಲ್ಲಿಡಬೇಡಿ ಎಂದು ಊರಿಗೆಲ್ಲ ಹೇಳುವ, ಇಂಗ್ಲೆಂಡಿನ ಕೆಂಟ್‌ನ ನಮ್ಮ ಕಾರ್ಯಾಗಾರದ ಮಾಡೇ ಕಳೆದ ತಿಂಗಳ ಮಳೆಗೆ ಸೋರಿತು. ಚಿಮಣಿ ಬುಡದ ಸೀಸದ ತಗಡು ಬಿರುಕು ಬಿಟ್ಟು, ನೀರು ಗೋಡೆಗುಂಟ ಇಳಿದು ಎರಡು ಕಪಾಟು ನೆನೆದವು. ಗಾಬರಿಯಿಂದ ಫೋನ್ ಮಾಡಿದವರಿಗೆ ಒಂದು ಮಾತು: ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತದ ಸಂಯೋಜಕಿ ಡ್ಯಾಫ್ನಿ ಓರಮ್ ಅವರ ಮೂಲ ಕಾಗದಪತ್ರ, ಟೇಪುಗಳು ನಮ್ಮಲ್ಲಿಲ್ಲ. ಅವು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿವೆ. ನೆನೆದದ್ದು ಶನಿವಾರದ ತರಗತಿಯ ಮಕ್ಕಳು ಕೈ ಪಳಗಿಸಿಕೊಳ್ಳುವ ಹಳೆಯ ರೀಲುಗಳು, ಜೊತೆಗೆ ಸ್ವರಲಿಪಿಯ ಹಾಳೆಗಳು. ಆ ರೀಲುಗಳಿಲ್ಲದೆ ಮೂಲ ಟೇಪು ಮುಟ್ಟಬಲ್ಲ ಕೈಗಳು ತಯಾರಾಗುವುದಿಲ್ಲ.

ಓರಮ್ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. 1940ರ ದಶಕದ ಮೊದಲಲ್ಲಿ ಬಿಬಿಸಿ ಸೇರಿದರು, 1958ರಲ್ಲಿ ಅಲ್ಲಿ ಕಾರ್ಯಕ್ರಮಗಳಿಗೆ ಎಲೆಕ್ಟ್ರಾನಿಕ್ ಸದ್ದು ತಯಾರಿಸುವ ರೇಡಿಯೋಫೋನಿಕ್ ವರ್ಕ್‌ಶಾಪ್ ಕಟ್ಟಿದವರಲ್ಲಿ ಒಬ್ಬರಾದರು, ಮರುವರ್ಷವೇ ಅದನ್ನು ಬಿಟ್ಟು ಇದೇ ಕೆಂಟ್‌ನ ಟವರ್ ಫಾಲಿ ಎಂಬ ಮನೆಯಲ್ಲಿ ಸ್ವಂತ ಸ್ಟುಡಿಯೊ ಹೂಡಿದರು. ಗೆರೆ ಎಳೆದರೆ ಅದೇ ಸದ್ದಾಗಬೇಕು ಎಂಬುದು ಅವರ ಹಟ. ಅದಕ್ಕಾಗಿ ಒಂದು ಯಂತ್ರವನ್ನೇ ಕಟ್ಟಿದರು. 35 ಮಿ.ಮೀ. ಅಗಲದ ಹತ್ತು ಪಾರದರ್ಶಕ ಫಿಲ್ಮ್ ಪಟ್ಟಿಗಳ ಮೇಲೆ ಬಳಿದ ಕಪ್ಪು, ಬೆಳಕನ್ನು ಗ್ರಹಿಸುವ ಫೋಟೊಸೆಲ್ ಮೇಲೆ ಬೀಳುವ ಬೆಳಕನ್ನು ತಡೆಯುತ್ತದೆ; ಶ್ರುತಿಯೂ ದನಿಯ ಏರಿಳಿತವೂ ಅದರಿಂದಲೇ. ನಾದದ ಗುಣಕ್ಕೆ ಗಾಜಿನ ಮೇಲೆ ಬೇರೆಯಾಗಿ ಅಲೆ ಬರೆಯಬೇಕಿತ್ತು. ಆ ಯಂತ್ರ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ನಮ್ಮ ಮಕ್ಕಳು ಮಾಡಿದ್ದು ಒಂದೇ ಪಟ್ಟಿಯದು. ಆದರೂ ರಾಜ್ಯೋತ್ಸವದ ದಿನ ಮಸಿ ತುಂಬಿದ ‘ಠ’ ಬೆಳಕಿನ ಕಿಂಡಿ ದಾಟುವಾಗ ದನಿ ಮೆಲ್ಲಗೆ ಇಳಿದು ಮತ್ತೆ ಏರಿದ್ದನ್ನು ಸಭೆಯಲ್ಲಿದ್ದವರು ಮರೆತಿರಲಾರರು. ಹೆಮ್ಮೆ ಸ್ವಲ್ಪ ಹೆಚ್ಚಾಯಿತೇನೋ, ಮನ್ನಿಸಿ.

ಆ ಕಾಲದ ಸಂಯೋಜಕರ ಟೇಪುಗಳು ಯಾಕೆ ಇಷ್ಟು ನಾಜೂಕು? ಸೆಕೆಂಡಿಗೆ 38 ಸೆಂ.ಮೀ. ಓಡುವ ಟೇಪಿನಲ್ಲಿ ಕಾಲು ಸೆಕೆಂಡಿನ ಸ್ವರಕ್ಕೆ ಒಂಬತ್ತೂವರೆ ಸೆಂ.ಮೀ. ತುಂಡು. ಹಾಗೆ ಕತ್ತರಿಸಿ ಅಂಟಿಸಿದ ಬೆಸುಗೆಗಳು ಒಂದೇ ರೀಲಿನಲ್ಲಿ ನೂರಾರು ಇರಬಹುದು. ಅಂಟು ಒಣಗಿದರೆ ಬೆಸುಗೆ ಬಿಡುತ್ತದೆ. ಜಿನುಗಿದರೆ ರೀಲಿನ ಪಕ್ಕದ ಪದರಕ್ಕೆ ಅಂಟಿಕೊಂಡು, ಎಳೆದಾಗ ಸದ್ದು ಹಿಡಿದಿಟ್ಟ ಲೇಪ ಕಿತ್ತುಬರುತ್ತದೆ. ನೆನೆದ ರೀಲಿಗೆ ಹೀಟರ್ ಹಿಡಿಯಲೇಬಾರದು. ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ನೆಟ್ಟಗೆ ನಿಲ್ಲಿಸಿ, ತಣ್ಣನೆಯ ಗಾಳಿಯಲ್ಲಿ ಆರಿಸಬೇಕು. ಜಿಗುಟಾದ 1970-80ರ ದಶಕದ ಪಾಲಿಯೆಸ್ಟರ್ ಟೇಪನ್ನು ಸುಮಾರು 54 ಡಿಗ್ರಿಯಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಬಿಸಿ ಮಾಡುವ ಉಪಾಯವೇ ಬೇರೆ. ಅದನ್ನು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಟೇಪಿಗೆ ಮಾಡಿದರೆ ಕೆಲಸ ಕೆಟ್ಟಿತು. ರೀಲನ್ನು ಬೆಳಕಿಗೆ ಹಿಡಿದು ನೋಡಿ: ಬೆಳಕು ತೂರಿ ಬಂದರೆ ಅಸಿಟೇಟ್. ವಿನಿಗರ್ ವಾಸನೆ ಬಂದರೆ ಉಳಿದವುಗಳಿಂದ ಕೂಡಲೇ ದೂರವಿಡಬೇಕು.

ನೆನೆದ ಕಾಗದಕ್ಕೆ ಇನ್ನೂ ಕಡಿಮೆ ಸಮಯ. ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಆರಿಸಲಾಗದಿದ್ದರೆ ಫ್ರೀಜರಿಗೆ ಹಾಕುವುದೇ ದಾರಿ. ನಾವೂ ಹಾಗೇ ಮಾಡಿದೆವು. ಮೂರು ಮನೆಗಳ ಫ್ರೀಜರುಗಳಲ್ಲಿ ಈಗ ಬಟಾಣಿಯ ಪಕ್ಕ ಸ್ವರಲಿಪಿಗಳಿವೆ!

ಈಗ ಖರ್ಚು. ಸಾರುವೆ ಕಟ್ಟಿ ತಗಡು, ಹೆಂಚು ಬದಲಿಸಲು ಸುಮಾರು 7,000 ಪೌಂಡ್. ತೇವ ಹೀರುವ ಯಂತ್ರಕ್ಕೆ, ಆಮ್ಲರಹಿತ ಪೆಟ್ಟಿಗೆಗಳಿಗೆ, ಒಂದು ಟೇಪ್ ಯಂತ್ರದ ಗಟ್ಟಿಯಾದ ರಬ್ಬರ್ ರೋಲರು ಮತ್ತು ಟೇಪು ಓದುವ ಸವೆದ ಹೆಡ್‌ಗೆ ಇನ್ನೊಂದು ಎರಡು ಸಾವಿರ. ಮೂರರಲ್ಲೊಂದು ಪಾಲು ಕೂಡಿದೆ. ಮಾಡಿನ ಕೆಲಸದವರು ಅರ್ಧ ಹಣ ಮುಂಗಡ ಕೇಳಿದ್ದಾರೆ, ಅಕ್ಟೋಬರ್ ಕೊನೆಯೊಳಗೆ. ತಪ್ಪಿದರೆ ಅವರ ಸರದಿ ಮತ್ತೆ ಬರುವುದು ವಸಂತಕ್ಕೆ. ಅಲ್ಲಿಯವರೆಗೆ ಶನಿವಾರದ ತರಗತಿಗೆ ಬಾಗಿಲು ಹಾಕಬೇಕಾಗುತ್ತದೆ.

ಹತ್ತು ಪೌಂಡ್ ಆದರೂ ಸರಿ, ಖಜಾಂಚಿಗಳಿಗೆ ತಲುಪಿಸಿ, ರಸೀದಿ ಕೇಳಿ ಪಡೆಯಿರಿ. ಹಣ ಕೊಡಲಾಗದವರು ಮನೆಯ ಅಟ್ಟದಲ್ಲಿರುವ ಹಳೆಯ ರೀಲು ಕೊಟ್ಟರೂ ಸಂತೋಷ. ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿದ್ದ ಸಂಯೋಜಕಿ ಡೀಲಿಯಾ ಡರ್ಬಿಶೈರ್ ತೀರಿಕೊಂಡ ಮೇಲೆ ಅವರ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕಿದ್ದು ಸೀರಿಯಲ್ ಡಬ್ಬಗಳಲ್ಲಿ. ಹಾಗಾಗಿ ಡಬ್ಬ ಹರಿದಿದೆಯೆಂದು ಬಿಸಾಡಬೇಡಿ, ಅದರ ಮೇಲೆ ಪೆನ್ಸಿಲಿನಲ್ಲಿ ಏನು ಬರೆದಿದ್ದರೂ ಒರೆಸಬೇಡಿ. ರೀಲನ್ನು ನೀವೇ ನುಡಿಸಿ ನೋಡುವುದೂ ಬೇಡ, ಹಾಗೇ ತನ್ನಿ.

ಇಂತಿ,
ಧರ್ಮದರ್ಶಿಗಳು