ಮೂಲೆಯ ಒಡೆದ ಪೈಪು ಸರಿ ಮಾಡಿಸಿ: ನಮ್ಮ ವಾರ್ಡಿನ ಸದಸ್ಯರಿಗೆ ಬಹಿರಂಗ ಪತ್ರ

ಸಾರ್, ನಮಸ್ಕಾರ.

ನಮ್ಮ ಬೀದಿಯ ಮೂಲೆಯಲ್ಲಿ ನೀರಿನ ಪೈಪು ಒಡೆದು ಏಳು ತಿಂಗಳಾಯಿತು. ಅದನ್ನು ಸರಿ ಮಾಡಿಸಿ. ಇಷ್ಟು ಕೇಳುವುದಕ್ಕೇ ಈ ಪತ್ರ. ಎರಡು ಸಲ ಅರ್ಜಿ ಕೊಟ್ಟೆ. ನಿಮ್ಮ ಮನೆ ಬಾಗಿಲಿಗೂ ಬಂದೆ. "ನಾಳೆ ಹುಡುಗರನ್ನು ಕಳಿಸ್ತೀನಿ ಅಕ್ಕ" ಅಂದಿರಿ. ಯಾರೂ ಬರಲಿಲ್ಲ.

ನಮ್ಮ ನಲ್ಲಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಉಳಿದ ದಿನ ಆ ಮೂಲೆಯ ಪೈಪಿನಲ್ಲಿ ಬೇರೆ ಬೀದಿಗಳಿಗೆ ನೀರು ಹೋಗುತ್ತದೆ. ಕೆಲವು ಸಲ ರಾತ್ರಿ ಎರಡು ಗಂಟೆಗೆ. ಎದ್ದು ಸಿಂಟೆಕ್ಸು, ಡ್ರಮ್ಮು, ಬಿಂದಿಗೆ, ಕೊನೆಗೆ ಸಾರಿನ ಪಾತ್ರೆಯ ತನಕ ತುಂಬಿಕೊಳ್ಳುತ್ತೇವೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಬಚ್ಚಲಿಗೆ. ನೀರು ಉಳಿಸಿ ಅಂತ ಗೋಡೆ ಮೇಲೆ ಬರೆಸುತ್ತೀರಿ. ನಾವು ಉಳಿಸುತ್ತಲೇ ಇದ್ದೇವೆ ಸಾರ್. ನೀವು ಆ ಪೈಪು ಸರಿ ಮಾಡಿಸಿ.

ಹೋದ ತಿಂಗಳು ನಮ್ಮತ್ತೆ ತೀರಿಕೊಂಡರು. ನಿಮಗೆ ನೆನಪಿರಬಹುದು. ಓಟು ಕೇಳಲು ಬಂದಾಗ ಜಗಲಿ ಮೇಲೆ ಕೂತಿದ್ದ ಅವರ ಕಾಲು ಮುಟ್ಟಿ "ನಾನೂ ನಿಮ್ಮ ಮಗನೇ ಅಮ್ಮ" ಅಂದಿದ್ದಿರಿ. ಅದನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಗಿನ ಜಾವ ಐದಕ್ಕೆ ಜೀವ ಹೋಯಿತು. ನೀರು ಬಂದು ಆರು ದಿನ ಆಗಿತ್ತು, ಸಿಂಟೆಕ್ಸಿನ ತಳ ಕಾಣುತ್ತಿತ್ತು. ಕುಡಿಯಲು ಇಟ್ಟಿದ್ದ ಎರಡು ಬಿಂದಿಗೆ ನೀರಿನಲ್ಲೇ ಅವರ ಮೈ ತೊಳೆದೆವು. ಊರಿನಿಂದ ನೆಂಟರು ಬರುತ್ತಿದ್ದರು. ಮಣ್ಣು ಮಾಡಿ ಬಂದವರಿಗೆ ಸ್ನಾನಕ್ಕಾದರೂ ನೀರು ಬೇಡವೇ? ತಾಯಿಯ ಪಕ್ಕ ಕೂರಬೇಕಾದ ನನ್ನ ಗಂಡ ಹೊರಗೆ ನಿಂತು ಟ್ಯಾಂಕರಿನವರಿಗೆ ಫೋನ್ ಮಾಡುತ್ತಿದ್ದರು.

ಹತ್ತು ಗಂಟೆಗೆ ಟ್ಯಾಂಕರ್ ಬಂತು. ಅದು ಮೂಲೆಯಲ್ಲಿ ತಿರುಗುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಒಡೆದ ಪೈಪಿನಿಂದ ರಸ್ತೆ ತುಂಬ ನೀರು. ಆ ನೀರು ತುಳಿದುಕೊಂಡೇ ಟ್ಯಾಂಕರ್ ನಮ್ಮ ಮನೆ ಮುಂದೆ ಬಂದು ನಿಂತಿತು. ಅಲ್ಲಿಯ ತನಕ ತಡೆದುಕೊಂಡಿದ್ದ ಅಳು ಆಗ ಬಂತು.

ಕಾರ್ಯ ಎಲ್ಲ ಮುಗಿದ ಮೇಲೆ ಒಂದು ದಿನ ಅಳೆದು ನೋಡಿದೆ. ನೀರು ಚರಂಡಿಗೆ ಬೀಳುವ ಕಡೆ ಹದಿನೈದು ಲೀಟರಿನ ಹಳೇ ಬಿಂದಿಗೆ ಇಟ್ಟೆ. ಒಂದು ನಿಮಿಷಕ್ಕೆ ತುಂಬಿತು. ದಿನಕ್ಕೆ 12 ಗಂಟೆ ಅಂತ ಹಿಡಿದರೂ 10,800 ಲೀಟರ್ ಆಯಿತು. ನಾವು ದುಡ್ಡು ಕೊಟ್ಟು ತರಿಸಿದ ಟ್ಯಾಂಕರ್ 5,000 ಲೀಟರಿನದು.

ಈ ನೀರು ಸುಮ್ನೆ ಬಂದದ್ದಲ್ಲ. ವಾಣಿವಿಲಾಸ ಸಾಗರ ಅಣೆಕಟ್ಟಿನಿಂದ, ಶಾಂತಿಸಾಗರ ಕೆರೆಯಿಂದ ಪಂಪ್ ಮಾಡಿ ತಂದದ್ದು. ಒಂದೊಂದು ಬಿಂದಿಗೆಗೂ ಕರೆಂಟು ಖರ್ಚಾಗಿದೆ. ಅದೂ ಚರಂಡಿ ಪಾಲು. 1933ರ ನಂತರ 2022ರಲ್ಲಿ ಮಾರಿಕಣಿವೆ, ಅಂದರೆ ಅದೇ ವಾಣಿವಿಲಾಸ ಸಾಗರ, ಕೋಡಿ ಬಿದ್ದಾಗ ಅತ್ತೆಯನ್ನೂ ಕರೆದುಕೊಂಡು ನೋಡಲು ಹೋಗಿದ್ದೆವು. ಅವರು ಆ ನೀರಿಗೆ ಕೈ ಮುಗಿದಿದ್ದರು. ನಮ್ಮ ಚಿತ್ರದುರ್ಗದ ಕೋಟೆಯ ಮೇಲೂ ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಹಾಗೆ ಒಂದರಿಂದ ಒಂದಕ್ಕೆ ಇಳಿದು ಊರೊಳಗಿನ ಸಂತೆಹೊಂಡದ ತನಕ ಬರುವಂತೆ ಹಿಂದಿನವರು ಕಟ್ಟಿದ್ದರು. ಪಂಪು ಇರಲಿಲ್ಲ, ಕರೆಂಟು ಇರಲಿಲ್ಲ. ಅಂಥ ಊರಿನಲ್ಲಿ ಒಂದು ಪೈಪಿಗೆ ಏಳು ತಿಂಗಳು ಬೇಕಾ?

ನನಗೆ ಇನ್ನೂ ಜಾಸ್ತಿ ಭಯ ಬೇರೆಯದು. ಪೈಪು ಒಡೆದಿರುವುದು ಚರಂಡಿಗೆ ಅಂಟಿಕೊಂಡೇ. ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಚರಂಡಿ ಯಾವಾಗಲೂ ತುಂಬಿರುತ್ತದೆ. ನೀರು ಬಿಡುವುದು ನಿಂತು ಪೈಪು ಖಾಲಿಯಾದಾಗ ಕೊಳಚೆ ಅದೇ ಬಿರುಕಿನಿಂದ ಒಳಗೆ ಹೋಗುತ್ತದೆ. ಮುಂದಿನ ಸಲ ನಲ್ಲಿ ತಿರುಗಿಸಿದಾಗ ಅದು ನಮ್ಮ ಬಿಂದಿಗೆಗೆ ಬರುತ್ತದೆ. 2023ರಲ್ಲಿ ಇದೇ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿ ಭೇದಿಯಾಗಿ ಜನ ಸತ್ತರು. ಆ ಸುದ್ದಿ ಕೇಳಿದ ಮೇಲೂ ನಿಮಗೆ ನಿದ್ದೆ ಹೇಗೆ ಬರುತ್ತದೆ? ಕ್ಷಮಿಸಿ, ಮಾತು ಜೋರಾಯಿತು. ಮೊಮ್ಮಗು ಇರುವ ಮನೆ ನಮ್ಮದು.

ಇದು ಯಾರ ಕೆಲಸ, ಯಾವ ನಿಯಮ, ಯಾವ ಹಣ, ಎಲ್ಲ ನಿಮಗೆ ಗೊತ್ತು. ನಾನು ಹೇಳಬೇಕಾಗಿಲ್ಲ. ಒಂದು ದಿನ ಅಗೆದು, ಮೂರಡಿ ಪೈಪು ಬದಲಾಯಿಸಿ ಮುಚ್ಚಬೇಕು. ತೇಪೆ ಬೇಡ. ನೀವು ಮಾತು ಕೊಡುವ ಮೊದಲೊಮ್ಮೆ ಯಾರೋ ಟ್ಯೂಬು ಸುತ್ತಿ ಹೋದರು, ನಾಲ್ಕೇ ದಿನಕ್ಕೆ ಬಿಚ್ಚಿಕೊಂಡಿತು.

ಬರುವ ಗುರುವಾರ ನಮ್ಮ ಬೀದಿಗೆ ನೀರು ಬಿಡುವ ಸರದಿ. ಅದಕ್ಕೂ ಮೊದಲೇ ಸರಿ ಮಾಡಿಸಿ. ಬುಧವಾರ ಬೆಳಿಗ್ಗೆ ನಾನು ಆ ಮೂಲೆಯಲ್ಲೇ ಇರುತ್ತೇನೆ. ಅಗೆಯಲು ಬಂದವರಿಗೆ ಟೀ, ತಿಂಡಿ ನಮ್ಮ ಮನೆಯಲ್ಲೇ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಗೃಹಿಣಿ
ಚಿತ್ರದುರ್ಗ